ಎಡಗೈಯ ಹೊಲಿಗೆ

ಪಾಸ್ಕುವಾಲಾ ಚೀಲವನ್ನು ಬೋರಲು ಹಾಕಿದಾಗ ತೊಗಲುಗಳು ಮೇಜಿನ ಮೇಲೆ ಬಿದ್ದವು, ಬಿದ್ದ ಸದ್ದು ಮಾತ್ರ ಆಗಲಿಲ್ಲ. ರುಫಿನಾಳ ಕಿವಿ ನಿಮಿರಿದ್ದು ಆಗಲೇ. ಹೊಸ ತೊಗಲಾದರೆ ಒಣಗಿದ ಹಪ್ಪಳದ ಹಾಗೆ ಗರಗರ ಎನ್ನಬೇಕು. ಎಷ್ಟೇ ಹದ ಮಾಡಿದರೂ, ಒಂಟೆಯ ಜಾತಿಯ ಕಾಡುಪ್ರಾಣಿ ಗ್ವಾನಾಕೊದ ಒಂದು ಬೇಸಿಗೆ ಕಳೆದ ಮರಿಯ ತೊಗಲು ಬೆನ್ನಿನ ಕಡೆ ಕೊಂಚ ಬಿಗುವಾಗಿಯೇ ಇರುತ್ತದೆ. ಇವು ನಾದಿಟ್ಟ ಹಿಟ್ಟಿನ ಹಾಗೆ ಒಂದರ ಮೇಲೊಂದು ಕುಸಿದು ಕೂತವು.

"ಏನ್ ಮೆತ್ತಗಿದಾವೆ ಅತ್ತಿಗೆ. ಎಲ್ಲಿ ಸಿಕ್ವು?" ಎಂದಳು ರುಫಿನಾ.

"ಕುರಿ ಫಾರಮ್ಮಿನ ಮೇಸ್ತ್ರಿ ಕೊಟ್ಟ. ತಂತಿ ಬೇಲಿಗೆ ಸಿಕ್ಕಿ ಸತ್ತ ಗ್ವಾನಾಕೊ ಮರಿಗಳು."

"ಇಷ್ಟೊಂದಾ?"

"ಬೇಲಿ ಏನು ಚಿಕ್ಕದಾ?" ಎಂದು ಪಾಸ್ಕುವಾಲಾ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು.

ಒಲೆಯ ಪಕ್ಕ ಕೂತು ಮಟೆ ಎಲೆ ತುಂಬಿದ ಸೋರೆಬುರುಡೆಗೆ ಬಿಸಿನೀರು ಹೊಯ್ದು ಕಷಾಯ ಮಾಡುತ್ತಿದ್ದ ಹೆರ್ಮಿನಿಯಜ್ಜಿ ನಕ್ಕಳು. "ಬೇಲಿ ಹಾಕಿದ್ದು ನಮ್ಮನ್ನ ಆಚೆ ಇಡೋಕೆ. ಈಗ ಅದೇ ಬೇಲಿ ನಮಗೆ ಹಾಸಿಗೆ ಕೊಡ್ತಾ ಇದೆ ನೋಡ್ರೇ. ದೇವರಿಗೂ ತಮಾಷೆ ಬೇಕು."

ಲಾಸ್ ಕೋಯ್ರೊನೆಸ್ ಊರಿನ ಚರ್ಚಿನ ಹಿಂದಿನ ಹಾಲ್ ಅದು. ಗಾಳಿ ಎಂದಿನಂತೆ ತಗಡಿನ ಮಾಡನ್ನು ಕಿತ್ತುಕೊಂಡು ಹೋಗಲು ನೋಡುತ್ತಿತ್ತು. ಮೂವರು ಹೆಂಗಸರು ಅಲ್ಲಿ ಸೇರಿದ್ದು ಊರು ಹುಟ್ಟಿದ ದಿನದ ಹಬ್ಬಕ್ಕಾಗಿ ಒಂದು ತೊಗಲ ಕೌದಿ ಹೊಲಿಯಲು. ಊರಿಗೂ ಮುಂಚೆ ಇಲ್ಲಿ ತಮ್ಮ ಹಿರಿಯರಾದ ತೆವೆಲ್ಚೆ ಜನ ಹೇಗೆ ಬೀಡು ಬಿಟ್ಟು ಬಾಳಿದರು ಎಂಬುದನ್ನು ಆ ದಿನ ನದಿಯ ಬಯಲಿನಲ್ಲಿ ಇದ್ದದ್ದು ಇದ್ದಂತೆಯೇ ಮಾಡಿ ತೋರಿಸುವುದು ರೂಢಿ. ಕಂಬ ನೆಟ್ಟು ಚರ್ಮದ ಗುಡಾರ ಕಟ್ಟುತ್ತಾರೆ, ಕುದುರೆ ಕಟ್ಟುತ್ತಾರೆ, ಒಂದು ಹಗಲು ಒಂದು ರಾತ್ರಿ ಅಲ್ಲೇ ಇರುತ್ತಾರೆ. ನಗರಸಭೆಯ ಅರಿಸ್ತೀದೆಸ್ ಎಂಬವನು ಅದರ ಉಸ್ತುವಾರಿ. ನೈಲಾನ್ ದಾರ ಕಂಡರೆ ಹೊರಗೆ, ಉಣ್ಣೆಯ ಕಂಬಳಿ ಕಂಡರೆ ಹೊರಗೆ ಎಂದು ಅವನು ಮೊದಲೇ ಸಾರಿದ್ದ. "ನಿನ್ನ ಕಟ್ಟಿಸಿಕೊಂಡ ಹಲ್ಲು ಯಾವ ಕಾಲದ್ದಪ್ಪಾ?" ಎಂದು ಹೆರ್ಮಿನಿಯಜ್ಜಿ ಕೇಳಿದ್ದಕ್ಕೆ ಅವನು ಬಾಯಿ ಮುಚ್ಚಿಕೊಂಡು ಹೋಗಿದ್ದ.

ಈ ವರ್ಷ ಗುಡಾರದೊಳಗೆ ಮಲಗುವವಳು ರುಫಿನಾಳ ಮಗಳು ನೊಯೆಲಿಯಾ. ಅವಳ ಪಕ್ಕದಲ್ಲಿ, ಅದೇ ಕೌದಿಯೊಳಗೆ, ಇನ್ನೂ ಕತ್ತು ನಿಲ್ಲದ ಅವಳ ಕೂಸು. ಹಳೆ ಕಾಲದ ತಾಯಿ ಮಗು ಹೇಗಿದ್ದರು ಎಂದು ಜನ ನೋಡಲಿ ಎಂಬುದು ಎಲ್ಲರ ಆಸೆ. ಮೊಮ್ಮಗಳು ಆ ಕೌದಿಯಲ್ಲಿ ಮಲಗುತ್ತಾಳೆ ಎಂಬ ಸಂತೋಷಕ್ಕೇ ರುಫಿನಾ ದಬ್ಬಣ ಹಿಡಿದು ಬಂದಿದ್ದು.

ಹೊಲಿಗೆ ಶುರುವಾದ ಮಾರನೆಯ ದಿನವೇ ಆ ಸಂತೋಷದಲ್ಲಿ ಕಲ್ಲು ಸಿಕ್ಕಿತು.

ತೊಗಲ ಕೌದಿ ಹೊಲಿಯುವುದು ಬಟ್ಟೆ ಹೊಲಿದ ಹಾಗಲ್ಲ. ಒಂದರ ಕಾಲು ಇನ್ನೊಂದರ ಕುತ್ತಿಗೆಯ ಸಂದಿಗೆ ಕೂರುವಂತೆ ಕತ್ತರಿಸಬೇಕು, ಬೆರಳಗಲವೂ ಹಾಳಾಗಬಾರದು. ಅಂಚನ್ನು ನೀರಿನಲ್ಲಿ ನೆನೆಸಿ, ತುಪ್ಪಳಕ್ಕೆ ತುಪ್ಪಳ ತಾಗಿಸಿ ಹಿಡಿದು, ದಬ್ಬಣದಿಂದ ತೂತು ಹಾಕಿ, ಬೆನ್ನುನರದ ಎಳೆಯನ್ನು ಅಂಚು ಸುತ್ತಿ ಎಳೆಯಬೇಕು. ರುಫಿನಾ ಒಂದು ತೊಗಲಿನ ಅಂಚನ್ನು ನೆನೆಸಿದಳು. ಒಣಗಿದ್ದಾಗ ನುಣ್ಣಗಿದ್ದ ಅಂಚು ನೀರು ಕುಡಿಯುತ್ತಿದ್ದಂತೆ ಸಾಲಾಗಿ ಸಣ್ಣ ಸಣ್ಣ ತೂತುಗಳು ಕಣ್ಣು ಬಿಟ್ಟವು.

ಅವಳು ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಯಾರಾದರೂ ಏನು ಅಂತ ಕೇಳುತ್ತಿದ್ದರು. ಇನ್ನೊಂದು ತೊಗಲು ಎತ್ತಿ ನೆನೆಸಿದಳು. ಅದರಲ್ಲೂ ತೂತುಗಳು. ಮೂರನೆಯದರಲ್ಲಿ ಅಂಚನ್ನು ಎಳೆಯಷ್ಟು ಕತ್ತರಿಸಿ ತೆಗೆದಿತ್ತು, ಆದರೆ ಮೂಲೆಯ ಕಡೆ ಕತ್ತರಿ ತಪ್ಪಿ ಹಳೆಯ ತೂತುಗಳು ಉಳಿದಿದ್ದವು. ಅಂದರೆ ಇವು ಬೇಲಿಯಿಂದ ಬಂದ ಮರಿಗಳಲ್ಲ. ಒಂದು ಕಾಲಕ್ಕೆ ಕೌದಿಯಾಗಿದ್ದವು, ಯಾರೋ ಬಿಚ್ಚಿದ್ದಾರೆ, ಬಿಚ್ಚಿದ್ದನ್ನು ಮುಚ್ಚಲೂ ನೋಡಿದ್ದಾರೆ.

ಬೆಳಕಿಗೆ ಹಿಡಿದು ನೋಡಿದಳು. ತೂತಿಂದ ಅಂಚಿಗೆ ಎಳೆ ಒತ್ತಿದ ಗೀರು ಸಣ್ಣಗೆ ಉಳಿದಿತ್ತು. ಆ ಗೀರು ವಾಲಿದ ದಿಕ್ಕು ಕಂಡು ರುಫಿನಾ ಅದನ್ನು ತನ್ನ ಹೊಲಿಗೆಯ ಪಕ್ಕಕ್ಕೆ ಹಿಡಿದಳು. ಎಲ್ಲರ ಹೊಲಿಗೆಯೂ ಒಂದು ಕಡೆಗೆ ವಾಲಿದರೆ ಇದು ಇನ್ನೊಂದು ಕಡೆಗೆ ವಾಲಿತ್ತು. ಈ ಕಣಿವೆಯಲ್ಲಿ ಎಡಗೈಯಲ್ಲಿ ತೊಗಲು ಹೊಲಿಯುತ್ತಿದ್ದವಳು ಒಬ್ಬಳೇ. ಅವಳು ರುಫಿನಾಳ ತಾಯಿ ಬಿಬಿಯಾನಾ.

ಸತ್ತವರ ಹೊದಿಕೆಯನ್ನು ಬದುಕಿರುವವರು ಹೊದೆಯುವುದಿಲ್ಲ. ಜೀವ ಹೋದ ಮೇಲೆ ಅವರ ಜೀನು, ಪಾತ್ರೆ, ಬಟ್ಟೆ, ಕೌದಿ ಎಲ್ಲವನ್ನೂ ಬೆಂಕಿಗೆ ಕೊಡುತ್ತಾರೆ. ಹೊಗೆಯಾಗಿ ಅದು ಅವರಿಗೆ ಮುಟ್ಟುತ್ತದೆ. ಪಾದ್ರಿ ಬಂದು ಪ್ರಾರ್ಥನೆ ಹೇಳುವುದು ಬೇರೆ, ಇದು ಬೇರೆ, ಎರಡೂ ನಡೆಯಬೇಕು. ಸುಡದೆ ಉಳಿಸಿಕೊಂಡರೆ ಸತ್ತವರು ಚಳಿಗೆ ತಮ್ಮದನ್ನು ಹುಡುಕಿಕೊಂಡು ಬರುತ್ತಾರೆ. ಬಂದವರು ಅದರೊಳಗೆ ಮಲಗಿದವರನ್ನೂ ತಬ್ಬಿಕೊಂಡು ಹೋಗುತ್ತಾರೆ. ದೊಡ್ಡವರಾದರೆ ತಡೆದಾರು. ಕೂಸು ತಡೆಯುತ್ತದೆಯೇ?

ಬಿಬಿಯಾನಾ ಸತ್ತದ್ದು ನೊಯೆಲಿಯಾ ಹುಟ್ಟಿದ ಚಳಿಗಾಲ. ರುಫಿನಾ ಆಗ ಗಾಯೆಗೋಸ್ ಪಟ್ಟಣದ ಆಸ್ಪತ್ರೆಯಲ್ಲಿದ್ದಳು. ಹಸಿ ಬಾಣಂತಿ ಹಿಮದ ದಾರಿ ಹಿಡಿದು ಊರಿಗೆ ಬರುವ ಹೊತ್ತಿಗೆ ಅಂಗಳದಲ್ಲಿ ಕಪ್ಪು ವೃತ್ತ ಮಾತ್ರ ಉಳಿದಿತ್ತು. ಬೆಂಕಿ ಹಾಕಿದವರು ಅವಳ ಅಣ್ಣ ನಿಕನೋರ್ ಮತ್ತು ಅವನ ಹೆಂಡತಿ ಪಾಸ್ಕುವಾಲಾ. ನಿಕನೋರ್ ಈಗಿಲ್ಲ. ಆ ಬೆಂಕಿಯಲ್ಲಿ ಏನು ಬಿತ್ತು, ಏನು ಬೀಳಲಿಲ್ಲ ಎಂದು ಬಲ್ಲವಳು ಈಗ ಅತ್ತಿಗೆ ಒಬ್ಬಳೇ.

ಆ ಅತ್ತಿಗೆ ಹಾಲ್‌ನ ಆ ತುದಿಯಲ್ಲಿ ಕೂತು ಗಾಜಿನ ಚೂರಿನಿಂದ ತೊಗಲಿನ ಒಳಮೈ ಕೆರೆಯುತ್ತಿದ್ದಳು. ಆಗಲೇ ನುಣ್ಣಗಿದ್ದ ತೊಗಲು ಅದು.

"ಅತ್ತಿಗೆ, ಅದರಲ್ಲಿ ಇನ್ನೇನು ಕೆರೀತೀಯಾ? ಬಾ, ಹೊಲಿ ಬಾ. ಮೂರು ಜನ ಆದರೆ ಬೇಗ ಆಗುತ್ತೆ," ಎಂದಳು ರುಫಿನಾ.

"ನನ್ನ ಕಣ್ಣು ಹೊಲಿಗೆಗೆ ಆಗಲ್ಲ."

"ನಿನ್ನೆ ಆಚೆ ದಿಣ್ಣೆ ಮೇಲಿನ ನರಿ ತೋರಿಸಿದೆಯಲ್ಲ."

"ದೂರದ್ದು ಕಾಣುತ್ತೆ, ಹತ್ತಿರದ್ದು ಕಾಣಲ್ಲ," ಎಂದಳು ಪಾಸ್ಕುವಾಲಾ ತಲೆ ಎತ್ತದೆ.

"ನನಗೆ ಹತ್ತಿರದ್ದೂ ಕಾಣಲ್ಲ, ದೂರದ್ದೂ ಕಾಣಲ್ಲ," ಎಂದಳು ಹೆರ್ಮಿನಿಯಜ್ಜಿ. "ಆದ್ರೂ ಹೊಲೀತಿದೀನಿ. ಬೆರಳಿಗೆ ಚುಚ್ಚಿದ್ರೆ ಬೆರಳು, ತೊಗಲಿಗೆ ಚುಚ್ಚಿದ್ರೆ ತೊಗಲು. ಗೊತ್ತಾಗುತ್ತೆ."

ರುಫಿನಾ ನಗಲಿಲ್ಲ. ಕೆಲಸ ಮುಗಿಸಿ ಅಜ್ಜಿಯನ್ನು ಮನೆಗೆ ಬಿಡುವ ನೆಪದಲ್ಲಿ ಅವಳ ತೋಳು ಹಿಡಿದು ನಡೆಯುತ್ತ ಮೆಲ್ಲಗೆ ಕೇಳಿದಳು. "ಅಜ್ಜಿ, ನಮ್ಮಮ್ಮನದ್ದೆಲ್ಲ ಸುಟ್ಟಾಗ ನೀನು ಅಲ್ಲಿದ್ಯಾ?"

"ನಾನೆಲ್ಲಿ? ನನ್ನ ಮನೇಲಿದ್ದೆ. ಹೊಗೆ ನೋಡ್ದೆ, ಶಿಲುಬೆ ಗುರುತು ಹಾಕ್ಕೊಂಡೆ."

"ತೊಗಲು ಸುಟ್ಟ ನಾತ ಬಂತಾ?"

ಅಜ್ಜಿ ನಿಂತಳು. ಗಾಳಿ ಅವಳ ಶಾಲನ್ನು ಮುಖದ ಮೇಲೆ ಹಾರಿಸಿತು. ಅದನ್ನು ಸರಿಸಿಕೊಳ್ಳುತ್ತ, "ಈಗ ನೀನು ಕೇಳಿದ ಮೇಲೆ ನೆನಪಾಗುತ್ತೆ. ನಾತ ಬರಲಿಲ್ಲ. ಕೂದಲು ತೊಗಲು ಸುಟ್ರೆ ಊರೆಲ್ಲ ಮೂಗು ಮುಚ್ಕೋಬೇಕು. ನನಗೆ ನೆಗಡಿ ಇತ್ತೋ ಏನೋ," ಎಂದಳು. ಆಮೇಲೆ ಹುಬ್ಬು ಗಂಟಿಕ್ಕಿದಳು. "ಯಾಕೆ ಕೇಳ್ತಿ?"

"ಸುಮ್ನೆ."

"ಸುಮ್ನೆ ಅನ್ನೋ ಮಾತು ಯಾವತ್ತೂ ಸುಮ್ನೆ ಇರಲ್ಲ ಕಣೇ."

ರುಫಿನಾ ಅಜ್ಜಿಯನ್ನು ಬಾಗಿಲಿಗೆ ಮುಟ್ಟಿಸಿ ಅಂಗಡಿಗೆ ಹೋದಳು. ಉಪ್ಪು ಬೇಕಿತ್ತು, ಅದು ನಿಜ. ಅಲ್ಲಿ ಫಾರಮ್ಮಿನ ಮೇಸ್ತ್ರಿಯ ಕುದುರೆ ನಿಂತದ್ದೂ ಅವಳ ಕಣ್ಣಿಗೆ ಬಿದ್ದಿತ್ತು. ಮೇಸ್ತ್ರಿ ಟೋಪಿ ತೆಗೆದು ಮೊಮ್ಮಗಳ ಕ್ಷೇಮ ಕೇಳಿದ. "ಅತ್ತಿಗೆಗೆ ಒಳ್ಳೆ ತೊಗಲು ಕೊಟ್ರಂತೆ, ದೇವರು ಒಳ್ಳೇದು ಮಾಡಲಿ," ಎಂದಳು ಇವಳು.

"ನಾನಾ? ಈ ವರ್ಷ ಒಂದೂ ಕೊಟ್ಟಿಲ್ಲಮ್ಮಾ. ಬೇಲಿಗೆ ಸಿಕ್ಕಿದ್ದನ್ನೆಲ್ಲ ನರಿ, ಹದ್ದು ಹರಿದು ಹಾಕಿದ್ವು. ಯಾರೋ ಬೇರೆಯವರು ಕೊಟ್ಟಿರಬೇಕು."

ಮನೆಯ ದಾರಿಯಲ್ಲಿ ರುಫಿನಾಳ ಮನಸ್ಸು ತಿರುಗಣಿಯ ಹಾಗೆ ಒಂದೇ ಸುತ್ತು ಸುತ್ತಿತು. ಅತ್ತಿಗೆ ಸುಳ್ಳು ಹೇಳಿದಳು. ಎಡಗೈ ಹೊಲಿಗೆ. ನಾತ ಬರಲಿಲ್ಲ. ಅಷ್ಟು ಒಳ್ಳೆಯ ಕೌದಿ ಬೆಂಕಿಗೆ ಹಾಕಲು ಮನಸ್ಸು ಬರದೆ ಉಳಿಸಿಕೊಂಡಿದ್ದಾಳೆ. ಈಗ ವಯಸ್ಸಾಯಿತು, ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಸಾಯಲು ಹೆದರಿಕೆ. ಅದಕ್ಕೇ ಬಿಚ್ಚಿ ತಂದು ಊರ ತಲೆಗೆ ಕಟ್ಟುತ್ತಿದ್ದಾಳೆ. ಊರ ತಲೆಗಲ್ಲ, ನನ್ನ ಮೊಮ್ಮಗಳ ತಲೆಗೆ. ಅಮ್ಮ ಇಷ್ಟು ವರ್ಷ ಅಲ್ಲಿ ಹೊದಿಕೆಯಿಲ್ಲದೆ ನಡುಗುತ್ತಿದ್ದಾಳೆ.

ಆದರೆ ಬಾಯಿ ಬಿಟ್ಟು ಹೇಳುವುದು ಹೇಗೆ? ಸತ್ತವರದ್ದನ್ನು ಕದ್ದಳು ಎಂಬ ಮಾತು ಒಮ್ಮೆ ಹೊರಬಿದ್ದರೆ ಪಾಸ್ಕುವಾಲಾಳ ಮನೆಯ ಮೆಟ್ಟಿಲು ಯಾರೂ ತುಳಿಯುವುದಿಲ್ಲ. ಅವಳ ಕೈಯ ರೊಟ್ಟಿ ಯಾರೂ ಮುಟ್ಟುವುದಿಲ್ಲ. ಮಕ್ಕಳಿಲ್ಲದ ವಿಧವೆ. ಮಾತು ಸುಳ್ಳಾಗಿದ್ದರೆ ಆ ಪಾಪ ಯಾರಿಗೆ?

ಮರುದಿನ ನೊಯೆಲಿಯಾ ಕೂಸನ್ನು ಎತ್ತಿಕೊಂಡು ಹಾಲ್‌ಗೆ ಬಂದಳು. ಎಲ್ಲರಿಗಿಂತ ಮೊದಲು ಎದ್ದವಳು ಪಾಸ್ಕುವಾಲಾ. ತೊಗಲಿಗೆ ಸವರಿ ಕೈಗೆ ಹತ್ತಿದ್ದ ಕೊಬ್ಬನ್ನು ಲಂಗಕ್ಕೆ ಒರೆಸಿಕೊಂಡು, "ಕೊಡು ಇಲ್ಲಿ ನಮ್ಮಮ್ಮಣ್ಣೀನ," ಎಂದು ಕೂಸನ್ನು ಈಸಿಕೊಂಡಳು. ಹೊಲಿದು ಮುಗಿದಿದ್ದ ಭಾಗದ ಮೇಲೆ ಅದನ್ನು ಮಲಗಿಸಿ ಅಳತೆ ನೋಡಲು ಬಗ್ಗಿದಳು.

ರುಫಿನಾ ದಬ್ಬಣ ಬಿಸುಟು ಬಂದು ಕೂಸನ್ನು ಕಿತ್ತುಕೊಂಡಳು. "ಹಾಲು ಕುಡಿಯೋ ಹೊತ್ತು ಅದಕ್ಕೆ."

"ಈಗ ತಾನೆ ಕುಡೀತಲ್ಲಮ್ಮಾ," ಎಂದಳು ನೊಯೆಲಿಯಾ.

"ಹಾಗಾದ್ರೆ ನಿದ್ದೆಯ ಹೊತ್ತು. ಮನೆಗೆ ನಡಿ."

"ಅತ್ತೆ ಎತ್ಕೊಳ್ಳಿ ಬಿಡಮ್ಮಾ, ಏನಾಯ್ತೀಗ?"

"ನಡಿ ಅಂದೆ."

ಪಾಸ್ಕುವಾಲಾಳ ಖಾಲಿ ಕೈಗಳು ತೊಗಲ ಮೇಲೆ ಹಾಗೇ ಉಳಿದವು. ಅವಳು ಏನೂ ಅನ್ನಲಿಲ್ಲ. ಅನ್ನದಿದ್ದುದೇ ರುಫಿನಾಳಿಗೆ ಇನ್ನೊಂದು ಸಾಕ್ಷಿಯಾಯಿತು. ತಪ್ಪಿಲ್ಲದವಳಾದರೆ ಜಗಳಕ್ಕೆ ಬರಬೇಕಿತ್ತಲ್ಲ? ಅನುಮಾನ ಹೊಕ್ಕ ಕಣ್ಣಿಗೆ ಮಾತೂ ಗುರುತು, ಮೌನವೂ ಗುರುತು.

ಅಂದು ಮನೆಗೆ ಬರುವಾಗ ರುಫಿನಾ ಒಂದು ತೊಗಲನ್ನು ಶಾಲಿನೊಳಗೆ ಇಟ್ಟುಕೊಂಡು ಬಂದಳು. ಕೌದಿಯ ನಟ್ಟನಡುವಿಗೆ ಬರಬೇಕಾದ, ಎಲ್ಲಕ್ಕಿಂತ ಮೆತ್ತಗಿನ ತೊಗಲು. ಗೋಡೆಯ ಮೇಲಿನ ಮಾತೆ ಮರಿಯಳ ಪಟದ ಮುಂದೆ ನಿಂತು ಅವಳು ಬಹಳ ಹೊತ್ತು ಬೇಡಿದಳು. "ತಾಯೀ, ಬಾಯಲ್ಲಿ ಹೇಳಕ್ಕಾಗಲ್ಲ. ತಪ್ಪಾದ್ರೆ ನನ್ನ ಮೇಲೆ ಇರ್ಲಿ, ಕೂಸಿನ ಮೇಲೆ ಬೇಡ." ಆಮೇಲೆ ಒಲೆಯ ಬಾಗಿಲು ತೆರೆದು ತೊಗಲನ್ನು ಒಳಗೆ ನೂಕಿದಳು. "ಅಮ್ಮಾ, ಇಷ್ಟಾದ್ರೂ ತಗೋ. ಉಳಿದಿದ್ದನ್ನೂ ಹೇಗಾದ್ರೂ ಮಾಡಿ ಕಳಿಸ್ತೀನಿ. ನೀನು ಮಾತ್ರ ಬರಬೇಡ."

ತುಪ್ಪಳ ಚಟಪಟ ಎಂದಿತು. ನಾತ ಕೋಣೆ ತುಂಬಿತು, ಪರದೆಗೆ ಹತ್ತಿತು, ಕೂದಲಿಗೆ ಹತ್ತಿತು. ಕಿಟಕಿ ತೆರೆದಿಟ್ಟರೂ ಹೋಗಲಿಲ್ಲ.

ಬೆಳಿಗ್ಗೆ ಹಾಲ್‌ನಲ್ಲಿ ಪಾಸ್ಕುವಾಲಾ ತೊಗಲುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಮೇಜಿನ ಕೆಳಗೆ ನೋಡಿದಳು. "ಒಂದು ಕಮ್ಮಿ ಇದೆ," ಎಂದಳು.

"ನಾಯಿ ಎಳ್ಕೊಂಡು ಹೋಗಿರುತ್ತೆ," ಎಂದಳು ಹೆರ್ಮಿನಿಯಜ್ಜಿ.

"ನಾಯಿಗೆ ಬಾಗಿಲು ತೆಗೆಯೋಕೆ ಬರುತ್ತಾ?"

"ಈ ಊರಿನ ನಾಯಿಗಳಿಗೆ ಬರದೇ ಇರೋದು ಪ್ರಾರ್ಥನೆ ಒಂದೇ."

ಪಾಸ್ಕುವಾಲಾ ರುಫಿನಾಳತ್ತ ನೋಡಿದಳು. ರುಫಿನಾ ನರದ ಎಳೆಯನ್ನು ಬಾಯಲ್ಲಿ ನೆನೆಸುತ್ತ ತನ್ನ ಹೊಲಿಗೆಯನ್ನೇ ನೋಡಿದಳು. ಈಗ ಆ ಹಾಲ್‌ನಲ್ಲಿ ಅನುಮಾನ ಒಂದಲ್ಲ, ಎರಡು. ಎರಡು ನಾಯಿಗಳ ಹಾಗೆ ಅವು ಒಂದನ್ನೊಂದು ಮೂಸುತ್ತ ಸುತ್ತಿದವು.

ಮಧ್ಯಾಹ್ನ ಊಟದ ಹೊತ್ತಿಗೆ ರುಫಿನಾ ಮನೆಯಲ್ಲಿ ಹಿಟ್ಟಿನ ತುಂಡುಗಳನ್ನು ಕುರಿಕೊಬ್ಬಿನಲ್ಲಿ ಕರಿಯುತ್ತಿದ್ದಳು. ಬಾಗಿಲು ತಟ್ಟದೆ ಪಾಸ್ಕುವಾಲಾ ಒಳಗೆ ಬಂದಳು. ಹೊಸ್ತಿಲಲ್ಲೇ ನಿಂತು ಉಸಿರು ಎಳೆದುಕೊಂಡಳು. ಕರಿದ ರೊಟ್ಟಿಯ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು.

"ಸುಟ್ಟೆಯಾ?" ಎಂದಳು.

ರುಫಿನಾ ಬಾಣಲೆಯನ್ನು ಒಲೆಯಿಂದ ಸರಿಸಿದಳು. ಇನ್ನು ಮುಚ್ಚುವುದರಲ್ಲಿ ಅರ್ಥವಿರಲಿಲ್ಲ. "ಸುಟ್ಟೆ. ಅದು ಬೆಂಕಿಗೆ ಸೇರಬೇಕಾದದ್ದೇ ಅಲ್ವಾ ಅತ್ತಿಗೆ?"

ಪಾಸ್ಕುವಾಲಾ ಕುರ್ಚಿ ಎಳೆದು ಕೂತಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. "ನಿನಗೆ ಹೇಗೆ ಗೊತ್ತಾಯ್ತು? ನಿಮ್ಮಣ್ಣ ಹೇಳಿದ್ನಾ?"

"ಯಾರೂ ಹೇಳಲಿಲ್ಲ. ಹೊಲಿಗೆ ಹೇಳ್ತು. ಅಮ್ಮನ ಎಡಗೈ ನನಗೆ ಗೊತ್ತಾಗಲ್ವಾ? ನೀನು ಅಮ್ಮನ ಕೌದಿ ಸುಡಲಿಲ್ಲ. ಅಷ್ಟು ವರ್ಷ ಬಚ್ಚಿಟ್ಕೊಂಡೆ. ಮೇಸ್ತ್ರಿ ಹೆಸರು ಹೇಳಿ ಸುಳ್ಳಾಡ್ದೆ. ಆಡು, ನನ್ನ ಹತ್ರ ಆಡು. ಆದ್ರೆ ನನ್ನ ಮೊಮ್ಮಗಳನ್ನ ಅದರಲ್ಲಿ ಮಲಗಿಸೋಕೆ ಬಂದ್ಯಲ್ಲ, ನಿನ್ನ ಕೈ ಹೇಗೆ ಬಂತು?"

ಪಾಸ್ಕುವಾಲಾ ನೆಲ ನೋಡಿದಳು, ಒಲೆ ನೋಡಿದಳು. "ಅತ್ತೆಯ ಕೌದೀನಾ? ಅಯ್ಯೋ ರುಫಿನಾ. ಅದು ಅತ್ತೆಯದ್ದಲ್ಲ ಕಣೇ. ಅತ್ತೆಯದ್ದು ಸುಟ್ವಿ. ನಿಮ್ಮಣ್ಣ ಮಡಚಿ ಕಟ್ಟಿಗೆ ಮೇಲಿಟ್ಟ, ನಾನು ಕಡ್ಡಿ ಗೀರ್ದೆ. ಗಾಳಿ ಪಡುವಣದಿಂದ ಬೀಸ್ತಿತ್ತು, ನಾತ ಎಲ್ಲಾ ನದಿ ಆಚೆ ಹೋಯ್ತು."

"ಹಾಗಾದ್ರೆ ಇದು ಯಾರದ್ದು?"

"ನನ್ನ ಮಗನದ್ದು."

ರುಫಿನಾ ಇನ್ನೊಂದು ಕುರ್ಚಿ ಎಳೆದುಕೊಂಡಳು. ಅವಳೂ ಕೂತಳು.

"ನೊಯೆಲಿಯಾ ಹುಟ್ಟೋಕೂ ಮುಂಚಿನ ಮಾತು, ನೀನು ಆಗ ಗಾಯೆಗೋಸ್‌ನಲ್ಲಿ ಯಾರದೋ ಮನೇಲಿ ಕೆಲಸಕ್ಕಿದ್ದೆ," ಎಂದಳು ಪಾಸ್ಕುವಾಲಾ. "ಮಗು ಉಳೀಲಿಲ್ಲ ಅಂತ ನಿನಗೆ ಹೇಳಿ ಕಳಿಸಿದ್ರು, ಅಷ್ಟೇ. ಉಳಿಯೋದೇನು, ಅದು ಉಸಿರೇ ಆಡಲಿಲ್ಲ. ಬಸುರೀಲಿ ನಾನು, ಅತ್ತೆ ಕೂತು ಹೊಲಿದ ಕೌದಿ ಅದು. ದೊಡ್ಡದಾಗೇ ಹೊಲಿ, ತಾಯಿ ಮಗು ಇಬ್ರೂ ಹಿಡಿಸಬೇಕು ಅಂತ ಅತ್ತೆ ಹೇಳಿದ್ರು. ಅವನು ಅದನ್ನ ಮುಟ್ಟಲೇ ಇಲ್ಲ. ಮಣ್ಣಿಗೆ ಕೊಟ್ಟು ಬಂದ ಮೇಲೆ ಇದನ್ನೂ ಸುಡೋಣ ಅಂದ ನಿಮ್ಮಣ್ಣ. ಅತ್ತೆ ಬೇಡ ಅಂದ್ರು. ಹೊದೀದೇ ಇರೋದು ಸತ್ತವರದ್ದು ಹೇಗಾಗುತ್ತೆ ಅಂದ್ರು. ನಿಮ್ಮಣ್ಣ, ಅವನಿಗೋಸ್ಕರ ಮಾಡಿದ್ದು ಅವನದ್ದೇ ಅಲ್ವಾ ಅಂದ. ಇಬ್ರೂ ಅವತ್ತು ಊಟ ಮಾಡಲಿಲ್ಲ. ನಾನು ಪೆಟ್ಟಿಗೇಲಿ ಇಟ್ಟೆ. ಪ್ರತಿ ಚಳಿಗಾಲ ತೆಗೆದು ಕೊಬ್ಬು ಸವರಿ ನಾದಿ ಮತ್ತೆ ಇಡ್ತಿದ್ದೆ. ನಾದದೇ ಇದ್ರೆ ತೊಗಲು ಸಾಯುತ್ತಲ್ಲ."

ರುಫಿನಾಳ ಮನಸ್ಸು ಮೆತ್ತಗಾಗಲು ಹೊರಟಿತು. ಅಲ್ಲೇ ಮತ್ತೆ ಹಿಂದೆ ಸರಿಯಿತು. ಅಳು ಬರಿಸುವ ಕತೆ ಯಾರಿಗೂ ಹೇಳಲು ಬರುತ್ತದೆ. "ಹೊಲಿಗೆ ಎಲ್ಲ ಎಡಗೈಯದ್ದು," ಎಂದಳು. "ಒಂದೂ ಬಲಗೈಯದ್ದು ನಾನು ಕಾಣಲಿಲ್ಲ. ನೀನು ಹೊಲಿದಿದ್ದು ಎಲ್ಲಿ ಹೋಯ್ತು?"

ಪಾಸ್ಕುವಾಲಾ ಕೈ ನೀಡಿದಳು. "ದಬ್ಬಣ ಕೊಡು."

ರುಫಿನಾ ಜೇಬಿನಿಂದ ದಬ್ಬಣ, ನರದ ಎಳೆ ತೆಗೆದು ಕೊಟ್ಟಳು. ಪಕ್ಕದ ಖಾಲಿ ಕುರ್ಚಿಯ ಮೇಲೆ ಹಾಸಿದ್ದ ಕುರಿಮರಿಯ ತೊಗಲನ್ನು ಪಾಸ್ಕುವಾಲಾ ಮೊಣಕಾಲ ಮೇಲೆ ಎಳೆದುಕೊಂಡು ಅಂಚನ್ನು ಮಡಚಿದಳು. ಹಿಟ್ಟು ನಾದುವಾಗ, ಕಟ್ಟಿಗೆ ಸೀಳುವಾಗ, ಶಿಲುಬೆಯ ಗುರುತು ಮಾಡಿಕೊಳ್ಳುವಾಗ ಬಲಗೈ ಎತ್ತುವ ಆ ಹೆಂಗಸು ದಬ್ಬಣವನ್ನು ಎಡಗೈಗೆ ತೆಗೆದುಕೊಂಡಳು. ಮೊದಲ ತೂತು ಅಂಚು ಬಿಟ್ಟು ಬಿತ್ತು. ಮೂರ್ನಾಲ್ಕು ತೂತಿನ ಹೊತ್ತಿಗೆ ಕೈಗೆ ದಾರಿ ಸಿಕ್ಕಿತು. ಎಳೆ ಅಂಚು ಸುತ್ತಿ, ಬಿಬಿಯಾನಾಳ ಎಳೆ ವಾಲುತ್ತಿದ್ದ ಕಡೆಗೇ ವಾಲಿತು.

"ನೀನು ಅತ್ತೆಯ ಎದುರಿಗೆ ಕೂತು ಕಲಿತೆ," ಎಂದಳು ಅವಳು ಹೊಲಿಯುತ್ತಲೇ. "ಕನ್ನಡಿ ನೋಡಿದ ಹಾಗೆ. ಅವರದ್ದು ಎಡ, ನಿನ್ನದು ಬಲ. ನಾನು ಸೊಸೆ. ಒಂದೇ ತೊಗಲನ್ನ ಇಬ್ಬರ ಮೊಣಕಾಲ ಮೇಲೆ ಹಾಸ್ಕೊಂಡು ಪಕ್ಕದಲ್ಲಿ ಕೂತು ಕಲಿತೆ. ಪಕ್ಕದ ಕೈ ಮಾಡಿದ್ದನ್ನೇ ನನ್ನ ಕೈ ಮಾಡ್ತು. ಮಗ ಹೋದ ಮೇಲೆ ದಬ್ಬಣ ಮುಟ್ಟಿಲ್ಲ. ಇವತ್ತೇ."

ಬಾಣಲೆಯಲ್ಲಿ ಕೊಬ್ಬು ಹೆಪ್ಪುಗಟ್ಟಿತ್ತು. ಹುಟ್ಟಿದ ಮನೆಯ ಹೊಲಿಗೆಯನ್ನು ತಾನು ಬಲ್ಲೆ ಎಂದುಕೊಂಡ ಮಗಳು, ಅದು ಯಾವ ಕೈಗೆ ಹೋಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ.

"ಬಿಚ್ಚಿದ್ದು ಯಾಕೆ?" ಎಂದು ಕೇಳಿದಳು ಕೊನೆಗೆ. ದನಿ ಕೆಳಗಿಳಿದಿತ್ತು.

"ಬಿಚ್ಚಿದ್ರೆ ಅದರ ಹೆಸರು ಹೋಗುತ್ತೆ ಅಂದ್ಕೊಂಡೆ. ಬರೀ ತೊಗಲಾಗುತ್ತೆ. ನಿಮ್ಮ ಮನೆಗೆ ಕೂಸು ಬಂತಲ್ಲ, ಒಂದು ಕೂಸಾದ್ರೂ ಇದರಲ್ಲಿ ಬೆಚ್ಚಗೆ ಮಲಗಲಿ ಅನ್ನಿಸ್ತು. ಹೇಳಿದ್ರೆ ನೀನು ಒಪ್ತಿರಲಿಲ್ಲ. ಒಪ್ತಿದ್ಯಾ?"

"ಇಲ್ಲ."

"ನೋಡು ಮತ್ತೆ."

ರುಫಿನಾ ಒಲೆಯ ಕಡೆ ನೋಡಿದಳು. "ಅಮ್ಮನಿಗೆ ಅಂತ ಸುಟ್ಟೆ ಅತ್ತಿಗೆ. ನಿನ್ನ ಮಗನದ್ದನ್ನ ಅಮ್ಮನ ಹೆಸರಲ್ಲಿ ಸುಟ್ಟೆ. ಅದು ಯಾರಿಗೆ ಮುಟ್ಟಿತು ಈಗ?"

ಪಾಸ್ಕುವಾಲಾ ದಬ್ಬಣ ಕೆಳಗಿಟ್ಟಳು. ಅವಳ ಎಡಗೈ ಹೊಲಿಗೆಯ ಮೇಲೆ ನಿಂತಿತ್ತು. "ಅಜ್ಜಿ ಹತ್ರಾನೇ ತಾನೆ ಮೊಮ್ಮಗ ಇರೋದು? ಅವರು ಸುತ್ತಿ ಮಲಗಿಸ್ತಾರೆ ಬಿಡು. ಒಂದು ತೊಗಲು ಸಾಕು ಅವನಿಗೆ. ಅಷ್ಟೇ ಇದ್ದ." ಆಮೇಲೆ ಕಣ್ಣು ಒರೆಸಿಕೊಂಡಳು. "ಇಷ್ಟು ವರ್ಷ ನನ್ನ ಕೈಲಿ ಆಗಲಿಲ್ಲ. ನಿಮ್ಮಣ್ಣ ಹೇಳಿದ್ದೂ ಸುಳ್ಳಲ್ಲ, ಅತ್ತೆ ಹೇಳಿದ್ದೂ ಸುಳ್ಳಲ್ಲ. ಅವನ ಪಾಲು ಅವನಿಗೆ ಹೋಯ್ತು. ಉಳಿದಿದ್ದು ಹೊದೀದೇ ಇರೋ ಕೌದಿ. ಅದರ ವಿಚಾರ ನೀನು ಹೇಳು. ಬೇಡ ಅಂದ್ರೆ ಇಬ್ರೂ ಸೇರಿ ಸುಡೋಣ. ನಾನು ಊರಿಗೆ ಏನಾದ್ರೂ ಹೇಳ್ಕೋತೀನಿ."

ರುಫಿನಾ ಆ ಮಾತು ಹೊತ್ತುಕೊಂಡು ಎರಡು ದಿನ ಪಟದ ಮುಂದೆ ನಿಂತಳು. ಹೊಲಿಗೆಯ ಮಾತು ಅತ್ತಿಗೆ ಸಾಬೀತು ಮಾಡಿದ್ದಳು, ಆದರೆ ಅಮ್ಮನ ಕೌದಿ ಸುಟ್ಟದ್ದಕ್ಕೆ ಅವಳ ಬಾಯಿಮಾತು ಬಿಟ್ಟರೆ ಬೇರೆ ಆಧಾರವಿರಲಿಲ್ಲ. ಬೂದಿಯನ್ನು ಗಾಳಿ ಎಂದೋ ಒಯ್ದಿತ್ತು. ದೇವರು ಕೆಲವು ಸಂಗತಿಗಳನ್ನು ಇನ್ನೊಬ್ಬರ ಬಾಯಲ್ಲಿ ಮಾತ್ರ ಇಡುತ್ತಾನೆ, ಅದನ್ನು ಅಲ್ಲಿಂದಲೇ ತೆಗೆದುಕೊಳ್ಳಬೇಕು, ಇಲ್ಲವೇ ಬಿಡಬೇಕು.

ಮೂರನೆಯ ದಿನ ಅವಳು ಕುರ್ಚಿಯ ಮೇಲಿನ ಕುರಿಮರಿಯ ತೊಗಲನ್ನು ಸುತ್ತಿಕೊಂಡು ಹಾಲ್‌ಗೆ ಬಂದು ಅತ್ತಿಗೆಯ ಮುಂದೆ ಇಟ್ಟಳು. "ನಡುವೆ ಒಂದು ಕಮ್ಮಿ ಇದೆಯಲ್ಲ. ಇದನ್ನ ಹಾಕು. ನೀನೇ ಹೊಲಿ."

"ಅರಿಸ್ತೀದೆಸ್ ಕುರಿ ಬೇಡ ಅಂತಾನೆ," ಎಂದಳು ಪಾಸ್ಕುವಾಲಾ.

"ಅಂದ್ರೆ ಅವನನ್ನೇ ನಡುವೆ ಇಟ್ಟು ಹೊಲಿಯೋಣ," ಎಂದಳು ಹೆರ್ಮಿನಿಯಜ್ಜಿ. ಇಬ್ಬರ ನಡುವೆ ಏನಾಗಿದೆ ಎಂದು ಅವಳು ಕೇಳಲಿಲ್ಲ. ಪಾಸ್ಕುವಾಲಾ ಎಡಗೈಗೆ ದಬ್ಬಣ ತೆಗೆದುಕೊಂಡದ್ದನ್ನು ಕಂಡು ಮಾತ್ರ ಹುಬ್ಬೇರಿಸಿ, ಇನ್ನೊಂದು ಬುರುಡೆ ಮಟೆ ಹೊಯ್ದು ಮೊದಲು ಅವಳಿಗೇ ಕೊಟ್ಟಳು.

ಹಬ್ಬದ ದಿನ ಬಯಲಿನ ಹುಲ್ಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿತ್ತು. ಗುಡಾರದ ಮುಂದೆ ಜನ ಸಾಲುಗಟ್ಟಿದರು. ಒಳಗೆ ನೊಯೆಲಿಯಾ ಕೌದಿಯ ಮಡಿಕೆಯಲ್ಲಿ ಒರಗಿದ್ದಳು, ಅವಳ ಪಕ್ಕದಲ್ಲಿ ಕೂಸು ಮೂಗಿನ ತುದಿ ಮಾತ್ರ ಕಾಣುವಂತೆ ತುಪ್ಪಳದೊಳಗೆ ಮುಳುಗಿ ನಿದ್ದೆ ಮಾಡುತ್ತಿತ್ತು. ಮಲಗಿಸಿದವಳು ಪಾಸ್ಕುವಾಲಾ. ರುಫಿನಾ ತಾನಾ‍ಗಿಯೇ ಕೂಸನ್ನು ಅವಳ ಕೈಗೆ ಕೊಟ್ಟಿದ್ದಳು. ಕೊಟ್ಟ ಮೇಲೆ ಅಲ್ಲಿಂದ ಕದಲಲಿಲ್ಲ. ಹಳೆ ಕಾಲದ ಬೀಡಿನಲ್ಲಿ ಅಜ್ಜಿಯೂ ಇರುತ್ತಿದ್ದಳು ಎಂದು ಅರಿಸ್ತೀದೆಸ್‌ಗೆ ಹೇಳಿ ಕೌದಿಯ ಅಂಚಿನಲ್ಲೇ ಕೂತಳು.

ಜನ ಬಂದರು, ನೋಡಿದರು, ಹೋದರು. ರುಫಿನಾ ಯಾರ ಮುಖವನ್ನೂ ನೋಡಲಿಲ್ಲ. ಆಗಾಗ ಬಗ್ಗಿ ಒಂದು ಬೆರಳನ್ನು ಕೂಸಿನ ಮೂಗಿನ ಮುಂದೆ ಹಿಡಿಯುವಳು. ಬೆಚ್ಚಗಿನ ಗಾಳಿ ತಾಗಿದ ಮೇಲೆ ಕೈ ಹಿಂದೆಗೆಯುವಳು. ಎದುರಿಗೆ ಕೂತಿದ್ದ ಪಾಸ್ಕುವಾಲಾ ಅದನ್ನು ನೋಡುತ್ತಿದ್ದಳು.

"ಇನ್ನೂ ಅನುಮಾನಾನಾ?" ಎಂದಳು ಮೆಲ್ಲಗೆ.

"ಇದೆ," ಎಂದಳು ರುಫಿನಾ.

ಪಾಸ್ಕುವಾಲಾ ಬೇಸರ ಮಾಡಿಕೊಳ್ಳಲಿಲ್ಲ. ಮೊಣಕಾಲೂರಿ ಹತ್ತಿರ ಸರಿದು ಕೌದಿಯೊಳಗೆ ಕೈ ತೂರಿಸಿ ಕೂಸಿನ ಪಾದ ಹುಡುಕಿ ಹಿಡಿದುಕೊಂಡಳು. "ನೀನು ಮೂಗು ನೋಡು. ನಾನು ಕಾಲು ನೋಡ್ತೀನಿ. ಕಾಲು ಬೆಚ್ಚಗಿದ್ರೆ ಯಾರೂ ಎಳೀತಿಲ್ಲ ಅಂತ ಅರ್ಥ."

"ಬೆಚ್ಚಗಿದೆಯಾ?"

"ಇದೆ. ಸ್ವಲ್ಪ ಬೆವರ್ತಾನೂ ಇದೆ."

"ನೀವಿಬ್ರೂ ಆಚೆ ಹೋದ್ರೆ ನಾವಿಬ್ರೂ ನಿದ್ದೆ ಮಾಡ್ತೀವಿ," ಎಂದಳು ನೊಯೆಲಿಯಾ ಕಣ್ಣು ಮುಚ್ಚಿಕೊಂಡೇ.

ಯಾರೂ ಆಚೆ ಹೋಗಲಿಲ್ಲ. ಹೊರಗೆ ಕುದುರೆಗಳು ಕಾಲು ಕುಟ್ಟಿದವು, ಗಾಳಿ ಗುಡಾರದ ಚರ್ಮವನ್ನು ಒಳಕ್ಕೆ ತಳ್ಳಿ ಮತ್ತೆ ಹೊರಕ್ಕೆ ಎಳೆಯಿತು. ರುಫಿನಾ ಮತ್ತೊಮ್ಮೆ ಬೆರಳು ಚಾಚಿದಳು.